ನಕ್ಷತ್ರದ ಒಡಲಲ್ಲಿ ಕಾಂತವಿದೆಯೇ?

ಮಕ್ಕಳೇ, ಹಲಸಿನ ಕಾಯಿ ಬಲಿತಿದೆಯೇ ಎಂದು ತಿಳಿಯಲು ನಮ್ಮ ಮೂಡುಬಿದಿರೆಯ ಕಡೆ ಹಿರಿಯರು ಏನು ಮಾಡುತ್ತಾರೆ? ಕೈಯಿಂದ ತಟ್ಟಿ ಶಬ್ದ ಕೇಳುತ್ತಾರೆ. ಎಳೆಯ ಕಾಯಿಯ ಶಬ್ದವೇ ಬೇರೆ, ಬಲಿತ ಕಾಯಿಯ ಶಬ್ದವೇ ಬೇರೆ. ಕತ್ತಿ ತಾಗಿಸದೆಯೇ ಒಳಗಿನ ಸಂಗತಿ ತಿಳಿಯುತ್ತದೆ. ವಿಜ್ಞಾನಿಗಳು ನಕ್ಷತ್ರಗಳ ಒಳಗನ್ನೂ ಹೀಗೆಯೇ ಅರಿಯುತ್ತಾರೆ.

ನಕ್ಷತ್ರವನ್ನು ತಟ್ಟುವವರು ಯಾರು?
ಸೂರ್ಯನೂ ಒಂದು ನಕ್ಷತ್ರ. ಅದರ ಮೇಲ್ಭಾಗದ ಬಿಸಿ ಅನಿಲ ಒಲೆಯ ಮೇಲಿನ ಗಂಜಿಯಂತೆ ಕುದಿಯುತ್ತಿರುತ್ತದೆ. ಈ ಕುದಿತವೇ ಸೂರ್ಯನನ್ನು ಕಂಪಿಸುವಂತೆ ಮಾಡುತ್ತದೆ. ನಡುವೆ ಗಾಳಿ ಇಲ್ಲದ್ದರಿಂದ ಆ ಶಬ್ದ ನಮಗೆ ಕೇಳಿಸದು. ಆದರೆ ಕಂಪನದ ಗುರುತು ಬೆಳಕಿನಲ್ಲಿ ಸಿಗುತ್ತದೆ. ಸೂರ್ಯನ ಮೇಲ್ಮೈ ಸುಮಾರು 5 ನಿಮಿಷಕ್ಕೊಮ್ಮೆ ಏರಿಳಿಯುತ್ತದೆ ಎಂದು ಅಮೆರಿಕದ ರಾಬರ್ಟ್ ಲೈಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದರು.

ಹೊರಗೆ ಕಂಡ ಕಾಂತ
ಸೂರ್ಯನ ಕಲೆಗಳು ಬಲವಾದ ಕಾಂತಕ್ಷೇತ್ರವಿರುವ ಜಾಗಗಳು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅವುಗಳ ಚಿತ್ರ ತೆಗೆಯಲಾಗುತ್ತಿದೆ. ಆದರೆ ಚಿತ್ರದಲ್ಲಿ ಹೊರಮೈ ಮಾತ್ರ ಕಾಣುತ್ತದೆ. ನಕ್ಷತ್ರದ ತಿರುಳಿನಲ್ಲೂ ಕಾಂತವಿದೆಯೇ? ಇದನ್ನು ತಿಳಿಯಲು ಕಂಪನವೇ ದಾರಿ.

ಒಳಗಿನ ಸುಳಿವು
ವಯಸ್ಸಾಗಿ ಬಹಳ ದೊಡ್ಡದಾಗಿ ಉಬ್ಬಿದ ನಕ್ಷತ್ರವನ್ನು ‘ಕೆಂಪು ದೈತ್ಯ’ ಎನ್ನುತ್ತಾರೆ. ಅದರ ಕೆಲವು ಕಂಪನಗಳು ತಿರುಳಿನವರೆಗೂ ಮುಟ್ಟುತ್ತವೆ. ನಕ್ಷತ್ರ ತಿರುಗುತ್ತಿರುವುದರಿಂದ ಇಂಥ ಒಂದು ಸ್ವರ ಮೂರಾಗಿ ಒಡೆಯುತ್ತದೆ. ತಿರುಗುವುದಷ್ಟೇ ಕಾರಣವಾದರೆ ಈ ಮೂರು ಸ್ವರಗಳ ನಡುವಿನ ಅಂತರ ಸಮವಾಗಿರಬೇಕು.

ಕೆಪ್ಲರ್ ಎಂಬ ಬಾಹ್ಯಾಕಾಶ ದೂರದರ್ಶಕವು 2009ರಿಂದ 4 ವರ್ಷ ಆಕಾಶದ ಒಂದೇ ಭಾಗವನ್ನು ನೋಡುತ್ತಾ ನಕ್ಷತ್ರಗಳ ಬೆಳಕನ್ನು ಅಳೆದಿತ್ತು. ಆ ದಾಖಲೆಯಲ್ಲಿ ಮೂರು ಕೆಂಪು ದೈತ್ಯಗಳ ಸ್ವರಗಳ ಅಂತರ ಸಮವಾಗಿರಲಿಲ್ಲ! ಯಕ್ಷಗಾನದ ಮದ್ದಳೆಯ ಬಾರು ಬಿಗಿದರೆ ಶ್ರುತಿ ಏರುತ್ತದೆ, ಅಲ್ಲವೇ? ಹಾಗೆಯೇ ತಿರುಳಿನ ಕಾಂತಕ್ಷೇತ್ರವು ಅನಿಲವನ್ನು ಬಿಗಿದು ಸ್ವರಗಳನ್ನು ಏರಿಸಿತ್ತು. ಮೂರೂ ಒಂದೇ ಅಳತೆಯಲ್ಲಿ ಏರದ ಕಾರಣ ಅಂತರ ಕೆಟ್ಟಿತ್ತು. ಆ ಕಾಂತಕ್ಷೇತ್ರದ ಬಲ 30,000ದಿಂದ 1,00,000 ಗೌಸ್ ಎಂದು 2022ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಬಲ 1 ಗೌಸ್‌ಗಿಂತಲೂ ಕಡಿಮೆ!

ಇದರಿಂದೇನು?
ಕೆಂಪು ದೈತ್ಯದ ತಿರುಳು ಕುಗ್ಗುತ್ತಾ ಹೋದಂತೆ ಬಹಳ ವೇಗವಾಗಿ ತಿರುಗಬೇಕು. ಆದರೆ ಅಳೆದು ನೋಡಿದರೆ ಅಷ್ಟು ವೇಗವಿಲ್ಲ. ಅದಕ್ಕೆ ‘ಬ್ರೇಕ್’ ಹಾಕುವುದು ಕಾಂತಕ್ಷೇತ್ರವೇ ಇರಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸುಮಾರು 500 ಕೋಟಿ ವರ್ಷಗಳ ಬಳಿಕ ನಮ್ಮ ಸೂರ್ಯನೂ ಕೆಂಪು ದೈತ್ಯವಾಗಲಿದ್ದಾನೆ. ಆದ್ದರಿಂದ ಇದು ಸೂರ್ಯನ ಭವಿಷ್ಯದ ಪ್ರಶ್ನೆಯೂ ಹೌದು.

ಮಾಡಿ ನೋಡಿ
ಒಂದೇ ಬಗೆಯ ಮೂರು ಗಾಜಿನ ಲೋಟಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ. ಚಮಚದಿಂದ ಮೆಲ್ಲಗೆ ತಟ್ಟಿ. ನಿಮ್ಮ ಗೆಳೆಯ ಕಣ್ಣು ಮುಚ್ಚಿ, ಶಬ್ದ ಕೇಳಿಯೇ ಯಾವುದರಲ್ಲಿ ನೀರು ಹೆಚ್ಚು ಎಂದು ಹೇಳಲಿ. ಎಷ್ಟು ಸಲ ಸರಿಯಾಯಿತು? ಬರೆದಿಡಿ.