ಪಾಠ ಬ್ಯಾಡ, ಪರಾತ ಕೊಡು

ಮಗಳೇ, "ಯವ್ವಾ, ಹುಡುಗರಿಗೆ ದೇವರು ದಿಂಡರು ಒಂದೂ ಗೊತ್ತಾಗವಲ್ದು, ಭಾನುವಾರ ವಚನ ಕಲಿಸೋ ಕ್ಲಾಸಿಗೆ ಹಾಕಲೇನು?" ಅಂತ ಫೋನಿನಲ್ಲಿ ಕೇಳಿದಿ. ಹಾಕು, ತಪ್ಪಿಲ್ಲ. ವಚನ ಬಾಯಿಗೆ ಬಂದರೆ ಮಾತೂ ತಿದ್ದುತ್ತದೆ. ಆದರೆ ಫೀ ಕಟ್ಟುವ ಮೊದಲು ನಿನ್ನ ಅಡುಗೆಮನೆಯ ಬಾಗಿಲು ಆ ಕೂಸುಗಳಿಗೆ ತೆರೆದದೆಯೋ ಇಲ್ಲವೋ ನೋಡಿಕೋ. ಬೆಂಗಳೂರಿಗೆ ಬಂದಾಗ ನಾನು ಕಂಡಿದ್ದು ಬೇರೆ. ಹುಡುಗಿ ಹಿಟ್ಟಿಗೆ ಕೈ ಹಾಕಿದರೆ "ಚೆಲ್ತೀ, ಸರಿ ಆಚೆ" ಅಂತಿದ್ದಿ. ಹುಡುಗನ ಕೈಗೆ ಮೊಬೈಲು ಕೊಟ್ಟು ಸೋಫಾದ ಮೇಲೆ ಕೂಡಿಸಿದ್ದಿ.

ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದಲೇ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಕಲ್ಯಾಣಕ್ಕೆ ಹೋದವರು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಆತನ ಕಾಯಕ. ಅದನ್ನೇ ಅಟ್ಟು ಜಂಗಮರಿಗೆ ಬಡಿಸಿ ಉಣ್ಣುವುದು ಇಬ್ಬರ ಬದುಕು. ಒಂದು ದಿನ ಮಾರಯ್ಯ ಶರಣರ ನಡುವೆ ಕೂತು ಕಾಯಕದ ಹಿರಿಮೆಯ ಬಗ್ಗೆ ಮಾತಾಡುತ್ತಾ ಆಡುತ್ತಾ ತನ್ನ ಕಾಯಕವನ್ನೇ ಮರೆತುಬಿಟ್ಟ. ಲಕ್ಕಮ್ಮ ಹೋಗಿ, ಕೆಲಸ ನಿಂತಿದೆ ಏಳು ಅಂದಳು. ಇನ್ನೊಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆಗೆ ಸಿಟ್ಟೇ ಬಂತು. ನಮಗೆ ಬೇಕಾದದ್ದು ಇಷ್ಟಲ್ಲ, ಉಳಿದದ್ದನ್ನು ಒಯ್ದು ಅಲ್ಲೇ ಸುರಿದು ಬಾ ಅಂತ ತಿರುಗಿ ಕಳಿಸಿದಳು. ಶರಣರ ಕಥೆಗಳಲ್ಲಿ ನನಗೆ ಬಹಳ ಸೇರುವುದು ಇದು. ಗಂಡ ಧರ್ಮದ ಚರ್ಚೆಯಲ್ಲಿದ್ದಾಗ ಹೆಂಡತಿಗೆ ಧರ್ಮ ಕಂಡದ್ದು ಮೊರದಲ್ಲಿ.

ಅದಕ್ಕೇ ಹೇಳುತ್ತೇನೆ, ರೊಟ್ಟಿ ಮಾಡುವಾಗ ಮಕ್ಕಳನ್ನು ಹತ್ತಿರ ಕೂಡಿಸಿಕೋ. ಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರು ಹೊಯ್ಯುವುದು ನಿನ್ನ ಕೆಲಸ. ಹಿಟ್ಟು ತುಸು ಆರಿದ ಮೇಲೆ ನಾದುವುದನ್ನು ಹುಡುಗಿಗೆ ಬಿಡು. ಜೋಳಕ್ಕೆ ಗೋದಿಯ ಹಂಗೆ ಜಿಗಿ ಇಲ್ಲ, ಸರಿಯಾಗಿ ನಾದದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಆಕೆಯ ಮೊದಲ ರೊಟ್ಟಿ ಬಿರಿಯಲಿ. "ಹೇಳಲಿಲ್ಲೇನು" ಅನ್ನಬೇಡ, ಬಾಯಿ ಮುಚ್ಚಿಕೊಂಡಿರು. ಮರುದಿನ ತಾನೇ ಇನ್ನಷ್ಟು ನಾದುತ್ತಾಳೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಹಚ್ಚುವ ಕೆಲಸ ಹುಡುಗನಿಗೆ. ಕೈ ಸುಡದಂತೆ ನೀನು ಪಕ್ಕದಲ್ಲಿರು. ರೊಟ್ಟಿ ಉಬ್ಬಿದಾಗ ಅವನು ಕಿರುಚದಿದ್ದರೆ ನನ್ನನ್ನು ಕೇಳು. ಹತ್ತು ರೊಟ್ಟಿಗೆ ಒಂದು ತಾಸು ಹಿಡಿಯುತ್ತದೆ, ಹಿಡಿಯಲಿ.

ಮೊದಲ ರೊಟ್ಟಿ ನಾವು ಆಕಳಿಗೆ ಕೊಡುತ್ತಿದ್ದೆವು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಆಕಳೆಲ್ಲಿ? ಗೇಟಿನಲ್ಲಿ ಕೂಡುವ ವಾಚ್‌ಮನ್ ಇದ್ದಾನಲ್ಲ, ಮಾತಾಡಿಸಿ ನೋಡು, ನಮ್ಮ ಕಡೆಯಿಂದ ದುಡಿಯಲು ಬಂದವನೇ ಇದ್ದಾನು. ಬಿಸಿ ಇದ್ದಾಗಲೇ ಮೊದಲ ರೊಟ್ಟಿ, ಶೇಂಗಾ ಚಟ್ನಿ ಹುಡುಗನ ಕೈಯಲ್ಲಿ ಕಳಿಸು. ಉಳಿದದ್ದು, ಆರಿದ್ದು ಕಳಿಸಬೇಡ. "ಅಣ್ಣಾ" ಅಂತ ಕರೆದು ಕೊಡಲು ಹೇಳು. ದಾಸೋಹ ಅಂದರೇನು ಅಂತ ಆಮೇಲೆ ಅವನಿಗೆ ಬಿಡಿಸಿ ಹೇಳುವ ಗೋಜು ನಿನಗಿರುವುದಿಲ್ಲ.

ನಮ್ಮ ಸಂತೆಕಲ್ಲೂರಿನ ಘನಮಠದಜ್ಜನನ್ನು ನೋಡು. ಹತ್ತೊಂಬತ್ತನೆಯ ಶತಮಾನದ ಶಿವಯೋಗಿ, ತತ್ವ ಬರೆದವರು. ಅದೇ ಕೈಯಿಂದ 'ಕೃಷಿ ಜ್ಞಾನ ಪ್ರದೀಪಿಕೆ' ಅಂತ ಒಕ್ಕಲುತನದ ಗ್ರಂಥವನ್ನೂ ಬರೆದರು. ಮಠದ ಸ್ವಾಮಿಗೆ ಹೊಲದ ಉಸಾಬರಿ ಯಾಕೆ ಅಂತ ಅವರಿಗೆ ಅನ್ನಿಸಲಿಲ್ಲ. ನಾವು ಮಾತ್ರ ಗದ್ದುಗೆಗೆ ಕಾಯಿ ಒಡೆಸಿ, ಕೈಮುಗಿದು, ಬಸ್ಸು ಹತ್ತುತ್ತೇವೆ.

"ದೇವರು ಯಾರ ಪೈಕಿ?" ಅಂತ ಮಕ್ಕಳು ಕೇಳಿದರೆ ಉತ್ತರ ಹೇಳಲು ತಿಣುಕಬೇಡ, ಒಮ್ಮೆ ಮೊಹರಂಗೆ ಮುದಗಲ್ಲಿಗೆ ಕರೆದುಕೊಂಡು ಹೋಗು. ಎಲ್ಲ ಜಾತಿಯ ಜನ ಅಲ್ಲಿ ಹರಕೆ ಒಪ್ಪಿಸುವುದನ್ನು ಕಣ್ಣಿಂದ ನೋಡಲಿ. ಮಸ್ಕಿಯಲ್ಲಿ ಇಳಿದರೆ ಅಶೋಕನ ಬಂಡೆಗೂ ಹೋಗಿ ಬನ್ನಿ. 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರಿಗೆ ಸಿಕ್ಕಿದ್ದು ಆ ಶಾಸನ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಅಲ್ಲಿ ಕಂಡಿದ್ದರಿಂದ ಪಂಡಿತರೆಲ್ಲ ಅದನ್ನು ಕೊಂಡಾಡುತ್ತಾರೆ. ನನಗೆ ಅದರೊಳಗಿನ ಮಾತೇ ದೊಡ್ಡದು. ಧರ್ಮ ದೊಡ್ಡವರಿಗಷ್ಟೇ ದಕ್ಕುವುದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ದಕ್ಕುತ್ತದೆ ಅಂತ ಅರಸನೇ ಕೆತ್ತಿಸಿದ್ದಾನೆ.

ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವಾಗ ಹೋದ ವರ್ಷ ನಿನ್ನ ಮಗ ನನ್ನನ್ನು ಕೇಳಿದ್ದ, "ಅಮ್ಮಾ, ಇಷ್ಟು ಊಟ ಮಣ್ಣಿಗೆ ಹಾಕಿದರೆ ವೇಸ್ಟ್ ಅಲ್ವಾ?" ಅಂತ. ನೀನು ಭೂತಾಯಿ, ಬಸುರಿ, ಬಯಕೆ ಅಂತ ಶುರು ಮಾಡಿದಿ. ಅವನ ಲಕ್ಷ್ಯ ಆಗಲೇ ಬೇರೆ ಕಡೆ ಹೋಗಿತ್ತು. ನಾನು ಅವನನ್ನು ಐದು ಕಲ್ಲಿನ ಪಾಂಡವರ ಹತ್ತಿರ ಕುಕ್ಕರಗಾಲಲ್ಲಿ ಕೂಡಿಸಿ, ಯಾರು ಉಣ್ಣುತ್ತಾರೆ ನೋಡಿ ಹೇಳು ಅಂದೆ. ನಾವೆಲ್ಲ ಜೋಳದ ಸಾಲಿನ ಬದುವಿನಲ್ಲಿ ಬುತ್ತಿ ಬಿಚ್ಚಿ ಎಣ್ಣೆಗಾಯಿ ಹಚ್ಚಿಕೊಳ್ಳುವ ಹೊತ್ತಿಗೆ ಓಡಿ ಬಂದ: ಮೊದಲು ಇರುವೆ, ಆಮೇಲೆ ಗೊರವಂಕ, ಕಡೆಗೆ ಒಂದು ಅಳಿಲು. ತನ್ನ ಎಲೆಯ ಕಡಬಿನಲ್ಲಿ ಒಂದು ಚೂರು ಮುರಿದುಕೊಂಡು ಮತ್ತೆ ಅಲ್ಲಿಗೇ ಓಡಿದ. ಅವನಿಗೆ ಯಾರೂ ಹೇಳಿರಲಿಲ್ಲ.

ಈ ಸಲ ಅಮಾಸಿಗೆ ಎರಡು ದಿನ ಮೊದಲೇ ಬನ್ನಿ. ಶೇಂಗಾ ಸುಲಿಯುವುದು, ಪುಂಡಿಪಲ್ಯ ಸೋಸುವುದು ಎಲ್ಲಾ ಹುಡುಗರಿಗೇ ಇಟ್ಟಿರುತ್ತೇನೆ. ಅಳಿಯಂದಿರಿಗೂ ರಜೆ ಹಾಕಲು ಹೇಳು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವವರು ಒಬ್ಬರು ಕಡಿಮೆ ಬೀಳುತ್ತಾರೆ, ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬರಲಿ.