ನಾಡಿನ ರೂಢಿ, ಅಲ್ಲಾಹನ ಮೇರೆ

ಕಾಕಾನ ಮಗಳನ್ನು ಮದುವೆಯಾಗುವುದು ನಿಮ್ಮಲ್ಲಿ ಉಂಟಂತೆ, ನಿಜವೇ? ಗುತ್ತಲ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಡೆ ಬಾಳುವ ಮುಸ್ಲಿಮನಿಗೆ ನೆರೆಹೊರೆಯವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಕೇಳುವವರಲ್ಲಿ ಕುಹಕಕ್ಕಿಂತ ದಿಗಿಲೇ ಹೆಚ್ಚು. ಏಕೆಂದರೆ ಈ ನಾಡಿನ ಸಂಬಂಧದ ಲೆಕ್ಕದಲ್ಲಿ ತಂದೆಯ ಸಹೋದರರೆಲ್ಲ ತಂದೆಯ ಸ್ಥಾನದವರು. ಒಬ್ಬ ದೊಡ್ಡಪ್ಪ, ಇನ್ನೊಬ್ಬ ಕಾಕಾ. ಅವರ ಮಕ್ಕಳು ಅಣ್ಣತಮ್ಮಂದಿರು, ಅಕ್ಕತಂಗಿಯರು. ಸೋದರಮಾವನ ಮಗಳು, ಸೋದರತ್ತೆಯ ಮಗಳು ಹಾಗಲ್ಲ. ಅಲ್ಲಿಂದ ಹೆಣ್ಣು ತರುವುದು ವಾಡಿಕೆ. ಅನೇಕ ಜಾತಿಗಳಲ್ಲಿ ಅಕ್ಕನ ಮಗಳನ್ನೇ ತಂದುಕೊಳ್ಳುತ್ತಾರೆ.

ಈಗ ದಿಗಿಲುಗೊಳ್ಳುವ ಸರದಿ ಮುಸ್ಲಿಮನದು. ಸೂರಃ ಅನ್ನಿಸಾದ 23ನೇ ವಚನದಲ್ಲಿ ಯಾರನ್ನು ವಿವಾಹವಾಗಬಾರದೆಂದು ಅಲ್ಲಾಹನು ಹೇಳಿದ್ದಾನೋ ಆ ಪಟ್ಟಿಯಲ್ಲಿ ಸಹೋದರಿಯ ಪುತ್ರಿ ಸ್ಪಷ್ಟವಾಗಿ ಸೇರಿದ್ದಾಳೆ. ತಂದೆಯ ಸಹೋದರನ ಪುತ್ರಿ ಅದರಲ್ಲಿ ಇಲ್ಲ. ಉತ್ತರ ಭಾರತದ ಹಿಂದೂ ಬಂಧುಗಳಿಗೆ ಹೇಳಿದರೆ ಅವರಿಗೆ ಎರಡೂ ಸಹಿಸದು. ಸೋದರಮಾವನ ಮಗಳು ಕೂಡ ಅವರಿಗೆ ತಂಗಿಯೇ. 1955ರ ಹಿಂದೂ ವಿವಾಹ ಕಾಯಿದೆ ಹೆಚ್ಚು ಕಡಿಮೆ ಅವರ ಲೆಕ್ಕವನ್ನೇ ನಿಯಮವೆಂದು ಹಿಡಿದು, ನಮ್ಮ ದಕ್ಷಿಣದ ವಾಡಿಕೆಯನ್ನು 'ರೂಢಿಯಿದ್ದರೆ ಆಗಬಹುದು' ಎಂಬ ವಿನಾಯಿತಿಯ ಬಾಗಿಲಿನಿಂದ ಒಳಗೆ ಬಿಟ್ಟಿದೆ. ಒಂದೇ ದೇಶ, ಮೂರು ಮನೆಗಳ ಮೂವರು ಹಿರಿಯರು ಮೂರು ರೀತಿಯಲ್ಲಿ ಹೇಸುತ್ತಾರೆ. ಮೂವರಿಗೂ ತಮ್ಮ ಹೇಸಿಗೆ ಮನುಷ್ಯನ ಹುಟ್ಟುಗುಣವೆಂದೇ ನಂಬಿಕೆ.

ಇನ್ನೊಂದು ವಿಷಯ ಗಮನಿಸಿರಿ. ಹಝ್ರತ್ ಅಲಿ(ರ) ಪ್ರವಾದಿ ಮುಹಮ್ಮದ್(ಸ)ರ ತಂದೆಯ ಸಹೋದರನ ಮಗ. ಕನ್ನಡದ ಸಂಬಂಧ ಲೆಕ್ಕದಲ್ಲಿ ಅವರು ಪ್ರವಾದಿವರ್ಯರಿಗೆ(ಸ) ತಮ್ಮ, ಹಝ್ರತ್ ಫಾತಿಮಾ(ರ)ರಿಗೆ ಕಾಕಾ! ಆದರೆ ಇತಿಹಾಸದ ಅತ್ಯಂತ ಗೌರವಾನ್ವಿತ ದಾಂಪತ್ಯಗಳಲ್ಲಿ ಒಂದು ಅವರದು. ಅರಬರ ಭಾಷೆಯಲ್ಲಿ ಆ ಸಂಬಂಧಕ್ಕೆ ಕಾಕಾ ಎಂಬ ಹೆಸರೂ ಇಲ್ಲ, ಆ ಅಳುಕೂ ಇಲ್ಲ.

ಹಾಗಾದರೆ ಗುತ್ತಲದಲ್ಲಿ ಬಾಳುವ ಮುಸ್ಲಿಮ್ ಕುಟುಂಬಕ್ಕೆ ಕಾಕಾನ ಮಗಳ ಬಗ್ಗೆ ಅಳುಕಿದ್ದರೆ ಅದು ಈಮಾನಿನ ಕೊರತೆಯೇ? ನಮ್ಮ ಸೀಮೆಯಲ್ಲಿ ಮನೆಯಲ್ಲಿ ಉರ್ದು, ಅಂದರೆ ದಖ್ಖನಿ ಮಾತಾಡುವವರಿರುವಂತೆ ಕನ್ನಡವನ್ನೇ ಮನೆಮಾತಾಗಿ ಉಳ್ಳ ಪಿಂಜಾರ, ನದಾಫ ಬಾಂಧವರೂ ಇದ್ದಾರೆ. ಹತ್ತಿ ಬೆಳೆಯುವ ನಾಡಿನಲ್ಲಿ ತಲೆಮಾರುಗಳಿಂದ ಹತ್ತಿ ಹಿಂಜಿ, ಗಾದಿ ಹೊಲಿದು ಬಾಳಿದವರು. ಸಂಬಂಧಗಳ ಹೆಸರನ್ನು ಕನ್ನಡದಲ್ಲಿ ಕಲಿತ ಮನೆಗಳಲ್ಲಿ ಕನ್ನಡದ ಅಳುಕೂ ಇದ್ದರೆ ಆಶ್ಚರ್ಯವೇನು? ಅದನ್ನು ಕಂಡು 'ಇವರು ಅರ್ಧ ಮುಸ್ಲಿಮರು' ಎಂದು ಮೂಗು ಮುರಿಯುವ ದಖ್ಖನಿ ಮನೆಯವರು ಒಂದು ಹದೀಸನ್ನು ಓದಬೇಕು.

ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದಿದೆ. ಒಮ್ಮೆ ಪ್ರವಾದಿವರ್ಯರ(ಸ) ಮುಂದೆ ಹುರಿದ ಉಡವನ್ನು ಇಡಲಾಯಿತು. ಅದೇನೆಂದು ತಿಳಿದಾಗ ಅವರು ಕೈ ಹಿಂದೆಗೆದರು. ಜೊತೆಗಿದ್ದ ಖಾಲಿದ್ ಬಿನ್ ವಲೀದ್(ರ), ಇದು ಹರಾಮೇ ಎಂದು ವಿಚಾರಿಸಿದರು. ಅಲ್ಲ, ತಮ್ಮ ಜನರ ನಾಡಿನಲ್ಲಿ ಇದು ಇರಲಿಲ್ಲ, ಆದ್ದರಿಂದ ತಮಗೆ ಒಗ್ಗುವುದಿಲ್ಲ ಎಂಬ ಉತ್ತರ ಬಂತು. ಖಾಲಿದ್(ರ) ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಪ್ರವಾದಿವರ್ಯರು(ಸ) ನೋಡುತ್ತಿದ್ದರು.

ಈ ಚಿಕ್ಕ ಘಟನೆಯಲ್ಲಿ ಎಷ್ಟು ದೊಡ್ಡ ಪಾಠವಿದೆ! ಅಲ್ಲಾಹನ ಸಂದೇಶವಾಹಕರಿಗೂ ಒಂದು ಊರಿತ್ತು, ಊರಿನ ನಾಲಗೆಯಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ತಮ್ಮ ನಾಲಗೆಯನ್ನು ಇನ್ನೊಬ್ಬರಿಗೆ ಶರೀಅತ್ ಆಗಿ ಮಾಡಲೂ ಇಲ್ಲ. ಅಳುಕು ಬೇರೆ, ನಿಷೇಧ ಬೇರೆ. ಕಾಕಾನ ಮಗಳು ಬೇಡವೆನ್ನುವ ಕುಟುಂಬ ಬೇಡವೆನ್ನಲಿ. ಅದು ಹರಾಮ್ ಎಂದು ಹೇಳದಿದ್ದರೆ ಸಾಕು. ಬೇಕೆನ್ನುವವರು ಮಾಡಿಕೊಳ್ಳಲಿ, ನೆರೆಯವನ ಅಳುಕನ್ನು ಅಣಕಿಸದಿದ್ದರೆ ಸಾಕು. ಅಕ್ಕನ ಮಗಳ ವಿಷಯದಲ್ಲಿ ಮಾತ್ರ ಮುಸ್ಲಿಮನಿಗೆ ಈ ಸಡಿಲಿಕೆಯಿಲ್ಲ. ಇಡೀ ಊರಿಗೆ ಅದು ಸಹಜವಾಗಿ ಕಂಡರೂ ಅಷ್ಟೇ.

ಸ್ವಭಾವ, ನಡೆವಳಿಕೆಗಳ ವಿಷಯದಲ್ಲೂ ಸಹಾಬಿಗಳು ಇಂಥ ಅಂತರವನ್ನು ಕಂಡಿದ್ದರು. ಹಝ್ರತ್ ಉಮರ್(ರ) ಹೇಳಿದ ಮಾತೊಂದು ಬುಖಾರಿಯಲ್ಲಿದೆ. ಮಕ್ಕಾದಲ್ಲಿ ಕುರೈಶರ ಗಂಡಸರದೇ ಮೇಲುಗೈಯಾಗಿತ್ತು. ಮದೀನಾಕ್ಕೆ ಬಂದು ನೋಡಿದರೆ ಅನ್ಸಾರರ ಮನೆಗಳಲ್ಲಿ ಹೆಂಗಸರ ಮಾತು ನಡೆಯುತ್ತಿತ್ತು. ಕುರೈಶ್ ಸ್ತ್ರೀಯರೂ ಅದನ್ನು ಕಲಿಯತೊಡಗಿದರು. ಒಂದು ದಿನ ತಮ್ಮ ಪತ್ನಿ ಎದುರು ಮಾತಾಡಿದಾಗ ಉಮರ್(ರ) ಕೋಪಗೊಂಡರು. ಅದಕ್ಕೆ ಪತ್ನಿ, ಪ್ರವಾದಿವರ್ಯರ(ಸ) ಪತ್ನಿಯರೂ ಹಾಗೆ ಎದುರು ಮಾತಾಡುತ್ತಾರಲ್ಲ ಎಂದು ಉತ್ತರ ಕೊಟ್ಟರು! ಎರಡೂ ಊರು ಅರಬರವೇ, ಭಾಷೆ ಒಂದೇ, ನಡುವೆ ಸುಮಾರು 450 ಕಿಲೋಮೀಟರಿನ ಮರುಭೂಮಿ. ಆದರೂ ಮನೆಯೊಳಗಿನ ಮರ್ಯಾದೆಯ ಕಲ್ಪನೆ ಬೇರೆ ಬೇರೆ. ಪ್ರವಾದಿವರ್ಯರು(ಸ) ಮದೀನಾದ ಸ್ತ್ರೀಯರನ್ನು ಮಕ್ಕಾದ ಅಚ್ಚಿಗೆ ಹಾಕಲಿಲ್ಲ.

ನಮ್ಮಲ್ಲಿ ನೋಡಿರಿ. ಉತ್ತರ ಮಲಬಾರಿನ ಕಣ್ಣೂರಿನ ಹಳೆಯ ಮಾಪಿಳ್ಳೆ ಮನೆತನಗಳಲ್ಲಿ ಮದುವೆಯಾದ ಗಂಡು ಪತ್ನಿಯ ಮನೆಗೆ ಹೋಗಿ ನೆಲೆಸುವುದು ಸಂಪ್ರದಾಯ. ಅಲ್ಲಿ ಅದು ಗೌರವ. ಗುತ್ತಲದಲ್ಲಿ 'ಮನೆಅಳಿಯ' ಎಂದರೆ ಬೈಗುಳಕ್ಕೆ ಸಮ. ದಂಪತಿ ಯಾರ ಊರಿನಲ್ಲಿರಬೇಕೆಂದು ಶರೀಅತ್ ಹೇಳಿಲ್ಲ. ಪತ್ನಿಯ ಅನ್ನ, ಬಟ್ಟೆ, ವಸತಿಯ ಹೊಣೆ ಪತಿಯದೆಂದು ಮಾತ್ರ ಹೇಳಿದೆ. ಕರಾವಳಿಯವರು ಹೆಚ್ಚಾಗಿ ಶಾಫಿಈ, ನಾವು ಬಯಲುಸೀಮೆಯವರು ಹೆಚ್ಚಾಗಿ ಹನಫಿ. ಮಂಗಳೂರಿನ ಬ್ಯಾರಿ ಮಿತ್ರನ ಊಟದಲ್ಲಿ ಮೀನಲ್ಲದ ಕಡಲ ತಿನಿಸು ಕಂಡು ಹುಬ್ಬು ಗಂಟಿಕ್ಕುವವರು ಇದನ್ನು ನೆನಪಿಡಬೇಕು.

ಊರಿನ ರೂಢಿಗೆ ಫಿಕ್‌ಹ್ ಶಾಸ್ತ್ರದಲ್ಲಿ 'ಉರ್ಫ್' ಎಂದು ಹೆಸರು. ಸೂರಃ ಅಲ್ ಅಅ್‌ರಾಫ್‌ನ 199ನೇ ವಚನದಲ್ಲಿ ಈ ಶಬ್ದವೇ ಬಂದಿದೆ. 'ಮಅ್‌ರೂಫ್' ಎಂಬುದೂ ಅದೇ ಧಾತುವಿನದು: ಜನರು ಒಳ್ಳೆಯದೆಂದು ಗುರುತಿಸಿದ್ದು. ಹಾಲೂಡಿಸುವ ತಾಯಿಯ ಅನ್ನ ಬಟ್ಟೆಯ ಹೊಣೆ ತಂದೆಯದು, ಅದು ಮಅ್‌ರೂಫಿನಂತೆ ಇರಬೇಕು ಎಂದು ಅಲ್ ಬಕರಃದ 233ನೇ ವಚನ ವಿಧಿಸುತ್ತದೆ. ಎಷ್ಟು ಸೇರು ಧಾನ್ಯ, ಎಷ್ಟು ಸೀರೆ ಎಂದು ಅದು ಹೇಳಲಿಲ್ಲ. ಅಬೂಸುಫ್ಯಾನ್(ರ)ರ ಪತ್ನಿ ಹಿಂದ್(ರ) ಪತಿಯ ಬಿಗಿಗೈಯ ಬಗ್ಗೆ ದೂರಿದಾಗ, ತನಗೂ ಮಕ್ಕಳಿಗೂ ಮಅ್‌ರೂಫಿನಂತೆ ಸಾಕಾಗುವಷ್ಟನ್ನು ತೆಗೆದುಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿಯಿತ್ತರು. ಅಂದಿನ ಮದೀನಾದಲ್ಲಿ ಸಾಕಾಗುವಷ್ಟು ಎಂದರೆ ಖರ್ಜೂರ, ಬಾರ್ಲಿ. ಇಂದು ಗುತ್ತಲದಲ್ಲಿ ಜೋಳ, ಅಕ್ಕಿಯ ಜೊತೆಗೆ ಮಕ್ಕಳ ಶಾಲೆಯ ಶುಲ್ಕ, ಔಷಧಿಯ ಖರ್ಚೂ ಸೇರುತ್ತದೆ. ಆಜ್ಞೆ ಬದಲಾಗಿಲ್ಲ, ಅದರ ಅಳತೆ ಕಾಲದೊಂದಿಗೆ ಬೆಳೆದಿದೆ.

ರೈತರಿಗೆ ಹತ್ತಿರದ ಉದಾಹರಣೆಯೂ ಇದೆ. ಮದೀನಾದ ಜನರು ಖರ್ಜೂರಕ್ಕೆ ಒಂದೆರಡು ವರ್ಷ ಮುಂಚಿತವಾಗಿಯೇ ಹಣ ಕೊಟ್ಟು ಖರೀದಿ ಮಾಡುತ್ತಿದ್ದರು. ಪ್ರವಾದಿವರ್ಯರು(ಸ) ಆ ರೂಢಿಯನ್ನು ಕಿತ್ತೆಸೆಯಲಿಲ್ಲ. ಅಳತೆ, ತೂಕ, ಅವಧಿ ಮೂರೂ ಖಚಿತವಾಗಿರಬೇಕೆಂದು ಷರತ್ತು ಹಾಕಿ ಉಳಿಸಿದರು. ಅದೇ 'ಸಲಮ್' ವ್ಯವಹಾರ. ಮೆಣಸಿನಕಾಯಿಗೋ ಹತ್ತಿಗೋ ಮುಂಗಡ ತೆಗೆದುಕೊಳ್ಳುವವರು, ಕೊಡುವವರು ಈ ಮೂರು ಷರತ್ತುಗಳನ್ನು ತಮ್ಮ ಲೆಕ್ಕದ ಪುಸ್ತಕದ ಮೇಲೆ ಇಟ್ಟು ನೋಡಲಿ.

ಇಮಾಮ್ ಶಾಫಿಈ(ರಹ) ಬಗ್ದಾದಿನಿಂದ ಹಿಜರಿ 199ರಲ್ಲಿ ಈಜಿಪ್ಟಿಗೆ ಹೋದ ಬಳಿಕ ತಮ್ಮ ಹಲವು ಅಭಿಪ್ರಾಯಗಳನ್ನು ಬದಲಿಸಿದರು. ಅವರ ಹಳೆಯ ಮತ್ತು ಹೊಸ ಅಭಿಪ್ರಾಯಗಳೆಂದು ವಿದ್ವಾಂಸರು ಬೇರೆ ಬೇರೆಯಾಗಿ ಹೇಳುತ್ತಾರೆ. ಊರು ಬದಲಾದುದರಿಂದಲೇ ಎಲ್ಲ ಬದಲಾಯಿತೆಂದು ಕೆಲವರು ಉಪನ್ಯಾಸಗಳಲ್ಲಿ ಹೇಳುವುದು ಪೂರ್ತಿ ಸರಿಯಲ್ಲ. ಅವರ ಮುಂದೆ ಹೊಸ ಹದೀಸುಗಳು, ಹೊಸ ವಾದಗಳೂ ಬಂದಿದ್ದವು. ಹನಫಿಗಳಲ್ಲಿ ದಮಾಸ್ಕಸಿನ ಇಬ್ನ್ ಆಬಿದೀನ್(ರಹ, ನಿಧನ 1836) ಉರ್ಫ್‌ನ ಕುರಿತೇ ಒಂದು ಪ್ರಬಂಧ ಬರೆದರು. ಜನರ ರೂಢಿ ಬದಲಾದಾಗ ಅದರ ಮೇಲೆ ನಿಂತ ತೀರ್ಪೂ ಬದಲಾಗಬೇಕೆಂಬುದು ಅವರ ನಿಲುವು.

ರೂಢಿ ಬದಲಾಗುವುದಿಲ್ಲ, ಅದು ಅನಾದಿಯಿಂದ ಬಂದದ್ದು ಎನ್ನುವವರಿಗೆ ನಮ್ಮ ಸೀಮೆಯೇ ಉತ್ತರ ಕೊಡುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಈ ಮಣ್ಣಿನದೇ ಬೆಳೆಯೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ತುಗೀಸರೊಂದಿಗೆ ಹದಿನಾರನೇ ಶತಮಾನದಲ್ಲಿ ಅದು ಇಲ್ಲಿಗೆ ಬರುವ ಮುನ್ನ ನಮ್ಮ ಹಿರಿಯರು ಸಾರಿಗೆ ಕರಿಮೆಣಸು ಹಾಕುತ್ತಿದ್ದರು. ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ಗುತ್ತಲದಿಂದ ಆಳಿದ ಗುತ್ತರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡರು. ಆದರೆ ಹೇಳಿಕೊಂಡದ್ದು ಕನ್ನಡ ಶಾಸನಗಳಲ್ಲಿ!

ಇಷ್ಟು ಹೇಳಿದ ಮೇಲೆ ಮುಖ್ಯ ಮಾತಿಗೆ ಬರಬೇಕು. ರೂಢಿಗೆ ಶರೀಅತ್ ಇಷ್ಟು ಮನ್ನಣೆ ಕೊಟ್ಟಿದೆಯೆಂದು ತಿಳಿದವರೇ ಅದನ್ನು ಗುರಾಣಿಯಾಗಿ ಹಿಡಿಯುತ್ತಾರೆ. 'ನಮ್ಮ ಕಡೆ ಹೀಗೇ ಪದ್ಧತಿ' ಎಂಬ ನಾಲ್ಕು ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳ ಹಕ್ಕು ಮುಳುಗಿದೆ. ತಂದೆತಾತಂದಿರು ನಡೆದ ದಾರಿಯೇ ತಮಗೆ ಸಾಕೆನ್ನುವವರನ್ನು ಅಲ್ ಬಕರಃದ 170ನೇ ವಚನ ಪ್ರಶ್ನಿಸುತ್ತದೆ: ಆ ತಂದೆತಾತಂದಿರಿಗೆ ತಿಳಿವಳಿಕೆ ಇಲ್ಲದಿದ್ದರೂ ಅವರನ್ನೇ ಅನುಸರಿಸುವುದೇ ಎಂದು.

ಜೋಡಾದ ಹಣವನ್ನೇ ತೆಗೆದುಕೊಳ್ಳಿರಿ. ನಿಕಾಹ್‌ನಲ್ಲಿ ಕೊಡಬೇಕಾದವನು ಗಂಡು. ಮಹ್ರ್ ಸ್ತ್ರೀಯ ಹಕ್ಕೆಂದು, ಅದನ್ನು ಸಂತೋಷದಿಂದ ಕೊಡಬೇಕೆಂದು ಅನ್ನಿಸಾದ 4ನೇ ವಚನದಲ್ಲಿ ಆಜ್ಞೆಯಾಗಿದೆ. ನಮ್ಮ ಪದ್ಧತಿಯಲ್ಲಿ ಹಣ ತಿರುಗಿ ಹರಿಯುತ್ತದೆ. ಹೆಣ್ಣಿನ ತಂದೆ ಹೊಲ ಒತ್ತೆಯಿಟ್ಟು ಜೋಡಾ, ಬೈಕು, ಬಂಗಾರ ಕೊಡುತ್ತಾನೆ. ಮಹ್ರ್ ಮಾತ್ರ ಕಾಗದದ ಮೇಲೆ ಬಾಕಿ ಉಳಿದು, ಗಂಡನ ಜನಾಝಃ ಎದುರಿಗಿರುವಾಗ ವಿಧವೆಯ ಬಾಯಿಂದ 'ಮಾಫ್ ಮಾಡಿದೆ' ಎನ್ನಿಸಲಾಗುತ್ತದೆ. ಆ ಗಳಿಗೆಯಲ್ಲಿ ಇಲ್ಲವೆನ್ನಲು ಯಾರಿಗೆ ಧೈರ್ಯವಿದ್ದೀತು? ಇದು ಉರ್ಫ್ ಅಲ್ಲ. ಉಡದ ಮಾಂಸವನ್ನು ಬೇಡವೆಂದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಒಬ್ಬರ ಸೊತ್ತು ಇನ್ನೊಬ್ಬರ ಜೇಬಿಗೆ ಹೋಗುತ್ತಿದೆ. ದೇಶದ ಕಾನೂನು ಕೂಡ 1961ರಿಂದ ವರದಕ್ಷಿಣೆಯನ್ನು ಅಪರಾಧವೆಂದಿದೆ.

ಇದಕ್ಕಿಂತ ಸದ್ದಿಲ್ಲದೆ ನಡೆಯುವ ಅನ್ಯಾಯ ಹೊಲದ್ದು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ. ತಂಗಿಯನ್ನು ಕರೆದು, ಉಣಬಡಿಸಿ, ಒಂದು ಸೀರೆ ಕೊಟ್ಟು, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ ಅವಳಿಗಿದೆ. 'ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎಂಬ ಸಮರ್ಥನೆ ಅವರಿಗಿದೆ. ರೂಢಿಯ ಹೆಸರಿನಲ್ಲಿ ಮುಸ್ಲಿಮ್ ಸ್ತ್ರೀಯರ ಪಾಲು ಹೀಗೆ ತಪ್ಪುತ್ತಿದ್ದುದು 1937ರ ಶರೀಅತ್ ಕಾಯಿದೆ ಬರಲು ಒಂದು ಮುಖ್ಯ ಕಾರಣ. ಆದರೆ ಆ ಕಾಯಿದೆಯೂ ಕೃಷಿ ಜಮೀನಿನ ಪ್ರಶ್ನೆಯನ್ನು ಹೊರಗಿಟ್ಟಿತ್ತು. ಅನ್ನಿಸಾದ 7ನೇ ವಚನದಲ್ಲಿ ಅಂಥ ವಿನಾಯಿತಿಯಿಲ್ಲ. ತಂದೆತಾಯಿ ಬಿಟ್ಟುಹೋದದ್ದು ಸ್ವಲ್ಪವಿರಲಿ, ಹೆಚ್ಚಿರಲಿ, ಅದರಲ್ಲಿ ಪುರುಷರಿಗೂ ಪಾಲುಂಟು, ಸ್ತ್ರೀಯರಿಗೂ ಪಾಲುಂಟು. ಮುಂದಿನ ವಚನಗಳಲ್ಲಿ ಪಾಲುಗಳನ್ನು ಎಣಿಸಿಕೊಟ್ಟು, ಇವು ಅಲ್ಲಾಹನ ಮೇರೆಗಳೆಂದು ಎಚ್ಚರಿಸಲಾಗಿದೆ. ಹೊಲದ ಮೇರೆಯನ್ನು ಒಂದು ಗೇಣು ಒತ್ತಿದರೆ ಕೋರ್ಟು ಹತ್ತುವ ನಾವು ಈ ಮೇರೆಯನ್ನು ಇಡಿಯಾಗಿ ಉಳುತ್ತೇವೆ.

ತಂಗಿ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರೆ ಏನು ತಪ್ಪು ಎಂದು ಕೇಳುವಿರಿ. ಮೊದಲು ಅವಳ ಪಾಲು ಅವಳ ಹೆಸರಿಗೆ ಬರಲಿ, ಒಂದೆರಡು ಸುಗ್ಗಿ ಅವಳೇ ಬೆಳೆ ಕೊಯ್ಯಲಿ. ಆಮೇಲೂ ಅಣ್ಣನಿಗೆ ಕೊಡುವೆನೆಂದರೆ ಅದು ಇಚ್ಛೆ.

ಲೆಕ್ಕ ಕಠಿಣವೇನಲ್ಲ. ಒಬ್ಬರು ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡರು. ತಂದೆತಾಯಿ ಮೊದಲೇ ಇಲ್ಲ, ಸಾಲ, ವಸಿಯ್ಯತ್ ಇಲ್ಲ. ಹೊಲ 12 ಎಕರೆ ಎಂದಿಟ್ಟುಕೊಳ್ಳಿ. ಎಂಟನೇ ಒಂದು ಪಾಲು ಪತ್ನಿಗೆ: 1 ಎಕರೆ 20 ಗುಂಟೆ. ಉಳಿದ ಹತ್ತೂವರೆ ಎಕರೆಯನ್ನು ಐದು ಭಾಗ ಮಾಡಿದರೆ ಒಬ್ಬೊಬ್ಬ ಮಗನಿಗೆ ಎರಡು ಭಾಗ, 4 ಎಕರೆ 8 ಗುಂಟೆ. ಮಗಳಿಗೆ ಒಂದು ಭಾಗ, 2 ಎಕರೆ 4 ಗುಂಟೆ. ಪಹಣಿಯಲ್ಲಿ, ನಮ್ಮ ಕಡೆಯವರು ಹೇಳುವ ಉತಾರದಲ್ಲಿ, ತಾಯಿಯ ಹೆಸರು ಮತ್ತು ಆ 2 ಎಕರೆ 4 ಗುಂಟೆಯ ಮುಂದೆ ಮಗಳ ಹೆಸರು ಬರೆಸಲು ತಂದೆ ತೀರಿದ ವರ್ಷವೇ ಅರ್ಜಿ ಕೊಡಬೇಕು. ಹತ್ತು ವರ್ಷ ತಡೆದರೆ ಆ ಹೊಲಕ್ಕೆ ಮೊಮ್ಮಕ್ಕಳ ಹೆಸರೂ ಸೇರಿ, ತಂಗಿ ಕೇಳಿದ್ದೇ ಹೊಸ ಜಗಳವಾಗುತ್ತದೆ.