ಪ್ರಾಸಕ್ಕೆ ಕಿವಿಯೇ ಪ್ರಮಾಣ

ಕನ್ನಡದ ಹಳೆಯ ಪದ್ಯಗಳಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿರುವುದು. ಇಂಗ್ಲಿಷಿನಲ್ಲಿಯಾದರೋ ಸಾಮಾನ್ಯವಾಗಿ ಪಾದಾಂತದಲ್ಲಿ. ಸೂರ್ಯನೆಂಬ ಅರ್ಥದ ‘ಸನ್’ ಶಬ್ದವನ್ನು ತೆಗೆದುಕೊಳ್ಳೋಣ. ಒತ್ತುಳ್ಳ ಸ್ವರವೂ ಅದರ ಮುಂದಿನ ಧ್ವನಿಯೂ ಒಂದೇ ಆಗಿ, ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾದರೆ ಅದು ಪೂರ್ಣಪ್ರಾಸವು: ‘ರನ್’, ‘ಡನ್’. ‘ಕಮ್’ ಎಂಬುದರಲ್ಲಿ ಸ್ವರವು ಅದೇ, ಕೊನೆಯ ವ್ಯಂಜನ ಬೇರೆ, ಅದು ಸಮೀಪಪ್ರಾಸವು.

ಹಿಂದೊಮ್ಮೆ ಬಾಲಕಿಯೊಬ್ಬಳು ‘ಸನ್’ ಶಬ್ದಕ್ಕೆ, ಒಂದು ಎಂಬ ಅರ್ಥದ ‘ವನ್’ ಪ್ರಾಸವೆಂದು ಬರೆದಳು. ಅಕ್ಷರಗಳನ್ನು ಮಾತ್ರ ನೋಡಿ ನಾವು ಅದನ್ನು ಹೊಡೆದುಹಾಕಿದೆವು. ಅವಳು ಅಳುಕುತ್ತ ಎರಡನ್ನೂ ಗಟ್ಟಿಯಾಗಿ ಓದಿದಳು. ತಪ್ಪು ನಮ್ಮದೇ ಆಗಿತ್ತು. ‘ವನ್’ ಶಬ್ದದ ಅಕ್ಷರಗಳೆಲ್ಲವೂ ‘ಬೋನ್’ ಎಂಬುದರಲ್ಲಿದ್ದರೂ ಅವೆರಡಕ್ಕೆ ಪ್ರಾಸವಿಲ್ಲ. ಆದುದರಿಂದ, ತಾಯ್ತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ಮಕ್ಕಳ ಪದ್ಯವನ್ನು ತಿದ್ದುವ ಮೊದಲು ಅದನ್ನು ಅವರ ಬಾಯಿಂದಲೇ ಕೇಳಿರಿ.